ಏಪ್ರನ್ನಿನ ಭಾರವೂ ಸುರಕ್ಷತೆಯ ಪ್ರಶ್ನೆಯೇ

ಹುಲಗೂರಿನ ಕಡೆ ಬೈಕ್ ಜಾರಿಯೋ ಟ್ರ್ಯಾಕ್ಟರ್ ಉರುಳಿಯೋ ತೊಡೆಯ ಎಲುಬು ಮುರಿದರೆ ಮೊದಲು ಶಿಗ್ಗಾಂವಿ, ಆಪರೇಷನ್ ಎಂದರೆ ಹಾವೇರಿ ಇಲ್ಲವೇ ಹುಬ್ಬಳ್ಳಿ. ಎಲುಬಿನೊಳಗೆ ರಾಡು ಕೂಡಿಸುವಾಗ ಡಾಕ್ಟರು ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆ ನೋಡುತ್ತಲೇ ಕೈ ಆಡಿಸಬೇಕು. ಪೆಟ್ಟಾದವನಿಗೆ ಇದು ಬಾಳಿನಲ್ಲಿ ಒಂದೆರಡು ಸಲ ಬರುವ ಪ್ರಸಂಗ. ಟೇಬಲ್ಲಿನ ಮಗ್ಗುಲಲ್ಲೇ ನಿಲ್ಲುವ ಸರ್ಜನ್, ಸಿಸ್ಟರ್, ಟೆಕ್ನಿಷಿಯನ್‌ಗೆ ನಿತ್ಯದ ಕೆಲಸ. ರೋಗಿಯ ಮೈಗೆ ಬಡಿದು ಚದುರುವ ಕಿರಣಕ್ಕೂ ಇವರ ಮೈಗೂ ನಡುವೆ ಇರುವುದು ಒಂದು ಸೀಸದ ಏಪ್ರನ್.

ಅರ್ಧ ಮಿಲಿಮೀಟರ್ ದಪ್ಪದ ಶುದ್ಧ ಸೀಸದ ಹಾಳೆ ಒಂದು ಚದರ ಮೀಟರಿಗೆ ಐದೂವರೆ ಕಿಲೋ ದಾಟುತ್ತದೆ. ರಬ್ಬರು, ಬಟ್ಟೆ ಬೇರೆ. ಅಷ್ಟೂ ಭಾರ ಹೆಗಲ ಮೇಲೆ ಇಳಿಯುತ್ತದೆ. ದಿನವಿಡೀ ಅದನ್ನು ಹೊತ್ತವರಿಗೆ ಕುತ್ತಿಗೆ, ಸೊಂಟ ಹಿಡಿದುಕೊಳ್ಳುವುದು ಜಗತ್ತಿನೆಲ್ಲೆಡೆ ಕೇಳುವ ದೂರು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಭಾರ ತಾಳಲಾರದೆ "ಎರಡು ನಿಮಿಷದ ಕೆಲಸ, ಇರಲಿ ಬಿಡು" ಎಂದು ಏಪ್ರನ್ನನ್ನು ಮೊಳೆಗೇ ಬಿಟ್ಟರೆ ಅದು ತಡೆಯುವ ಕಿರಣ ಸೊನ್ನೆ. ಆದ್ದರಿಂದ ತೂಕವನ್ನು ಬರೀ ಅನುಕೂಲದ ಮಾತೆಂದು ಬದಿಗಿಡುವುದು ತಪ್ಪು.

ಇದಕ್ಕೆ ಪರ್ಯಾಯ ಸೀಸವಿಲ್ಲದ ಏಪ್ರನ್. ಅದು ಹಗುರ ಹೇಗೆ? ಆಸ್ಪತ್ರೆಯ ಎಕ್ಸ್‌ರೇಯ ಬಹುಪಾಲು ಶಕ್ತಿ 88 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿರುತ್ತದೆ. ಸೀಸದ ಹೀರುವ ಬಲ ಒಮ್ಮೆಲೇ ಜಿಗಿಯುವುದು ಆ ಮಟ್ಟದಲ್ಲಿ. ಸೀಸದ ಬದಲು ಬಳಸುವ ತವರ, ಆಂಟಿಮನಿಗಳಲ್ಲಿ ಆ ಜಿಗಿತ 30ರ ಆಸುಪಾಸಿನಲ್ಲೇ ಆಗಿಬಿಡುತ್ತದೆ. ಹೀಗಾಗಿ ಮಧ್ಯದ ಶಕ್ತಿಯ ಕಿರಣಗಳನ್ನು ಇವು ಕಡಿಮೆ ತೂಕದಲ್ಲೇ ಹಿಡಿಯುತ್ತವೆ. ಸೀಸದ ವಿಷದ ಧೂಳೂ ಇಲ್ಲ, ಹಳೆಯದನ್ನು ವಿಲೇವಾರಿ ಮಾಡುವ ತಲೆನೋವೂ ಕಡಿಮೆ.

ಹಾಗೆಂದು ಹಗುರವಾದದ್ದೆಲ್ಲ ಒಳ್ಳೆಯದಲ್ಲ. ಇಲ್ಲಿ ನಾನು ಕಂಪನಿಗಳ ಪರ ನಿಲ್ಲಲಾರೆ. ತವರ, ಆಂಟಿಮನಿಗಳು ಕಿರಣ ಹೀರಿದ ಮೇಲೆ ತಾವೇ ಮಂದ ಎಕ್ಸ್‌ರೇ ಹೊರಸೂಸುತ್ತವೆ; ಅದು ನೇರ ಮೈಗೇ ತಗಲುತ್ತದೆ. ಕಿರಿದಾದ ಕಿರಣಪುಂಜ ಹಾಯಿಸಿ, ಮಾಪಕವನ್ನು ದೂರ ಇಟ್ಟು ಅಳೆದರೆ ಈ ಕಿರಣ ಲೆಕ್ಕಕ್ಕೆ ಸಿಗುವುದಿಲ್ಲ. 2014ರ ಐಇಸಿ 61331 ಮಾನದಂಡ ಇದನ್ನೂ ಅಳೆಯುವ ಪರೀಕ್ಷಾಕ್ರಮ ತಂದಿತು. ಮೈ ಕಡೆಯ ಪದರದಲ್ಲಿ ಬಿಸ್ಮತ್ ಇಟ್ಟರೆ ಆ ಮಂದ ಕಿರಣವನ್ನೂ ತಡೆಯಬಹುದು. ಚೀಟಿಯಲ್ಲಿ "0.5 ಮಿ.ಮೀ. ಸೀಸಕ್ಕೆ ಸಮ" ಎಂದಿದ್ದರೆ ಸಾಲದು, ಎಷ್ಟು ಕೆವಿಯಲ್ಲಿ, ಯಾವ ಕ್ರಮದಲ್ಲಿ ಅಳೆದದ್ದು ಎಂದು ಕೇಳಬೇಕು.

ದುಬಾರಿ ಎಂಬ ಆಕ್ಷೇಪಕ್ಕೆ ತೂಕವಿದೆ, ಒಪ್ಪುತ್ತೇನೆ. ಗೋಡೆಯ ಮರೆಯಲ್ಲಿ ನಿಂತು ಬಟನ್ ಒತ್ತುವ ಎಕ್ಸ್‌ರೇ ಕೋಣೆಗೆ ಹಳೆಯ ಸೀಸದ್ದೇ ಸಾಕು. ಆದರೆ ಸಿ-ಆರ್ಮ್ ಪಕ್ಕ, ಕ್ಯಾಥ್‌ಲ್ಯಾಬಿನಲ್ಲಿ ತಾಸುಗಟ್ಟಲೆ ನಿಲ್ಲುವವರಿಗೆ ಹಗುರವಾದದ್ದನ್ನು ಕೊಡದೆ ಉಳಿಸಿದ ದುಡ್ಡು ಉಳಿತಾಯವಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ಎಂದು ಮಿತಿ ಹಾಕಿದೆ. ಅದನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್‌ಗೆ ಸೊಂಟನೋವು ಕಾಣುವುದಿಲ್ಲ.

ಯಾವ ಏಪ್ರನ್ನೇ ಆಗಲಿ, ಮಡಚಿ ಕುರ್ಚಿಯ ಮೇಲೆ ಒಗೆದರೆ ಒಳಗೆ ಬಿರುಕು ಬಿಡುತ್ತದೆ. ಹೊರಗಿನ ಬಟ್ಟೆ ನೆಟ್ಟಗೇ ಕಾಣುತ್ತಿರುತ್ತದೆ. ಬಿರುಕು ಗೊತ್ತಾಗುವುದು ಅದನ್ನೇ ಸಿ-ಆರ್ಮ್ ಕೆಳಗೆ ಹಿಡಿದಾಗ. ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಯವರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಖರೀದಿಗೆ ಮುನ್ನ ಇರುವ ಏಪ್ರನ್ನುಗಳನ್ನು ಹಾಗೆ ಪರೀಕ್ಷಿಸಿ, ತೂಗಿ ನೋಡಿ, ಅದನ್ನು ದಿನಾ ಹೊರುವವರನ್ನೂ ಒಂದು ಮಾತು ಕೇಳಿ.