ಹಿಂದಿರುಗಿ ಬಂದ ಪತ್ರ

ನಮ್ಮ ಕೈಬರಹವನ್ನು ನಾವೇ ಗುರುತಿಸಲು ಒಂದು ಕ್ಷಣ ಬೇಕಾಯಿತು. ಮಡಿಕೆಗಳಲ್ಲಿ ಹರಿಯತೊಡಗಿದ್ದ ಎರಡು ಹಾಳೆಗಳು. ಮೇಲ್ಭಾಗದಲ್ಲಿ 2003ರ ಕಾರ್ತಿಕ ಮಾಸದ ಒಂದು ದಿನ. ಬರೆದವರು ನಾವು. ಬರೆಸಿಕೊಂಡವಳು ಧಾರವಾಡದ ಭಕ್ತ ಮನೆತನವೊಂದರ ಮಗಳು. ಅದನ್ನು ತಂದು ನಮ್ಮೆದುರಿಗೆ ಇರಿಸಿದವಳು ಆಕೆಯ ಮಗಳು. ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವನ್ನು ಓದುತ್ತಿರುವ ಇಪ್ಪತ್ತರ ಹುಡುಗಿ. ಅವರ ನಾಡಿನ ಬೇಸಿಗೆಯ ರಜೆ ನಮಗೆ ಮಳೆಗಾಲ. ಆ ರಜೆಯಲ್ಲಿ ಅಜ್ಜಿಯನ್ನು ಕಾಣಲು ಬಂದವಳು ಅಜ್ಜಿಯೊಡನೆ ನಮ್ಮಲ್ಲಿಗೂ ಬಂದಿದ್ದಳು.

ಆಕೆಯ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒಂದು ಪ್ರಬಂಧವನ್ನು ಒಪ್ಪಿಸಿದ್ದರಂತೆ. ನಿಮ್ಮ ಕುಟುಂಬ ಈ ದೇಶಕ್ಕೆ ಬಂದ ಬಗೆಯನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡಿರಿ. ಬರುವಾಗ ಹೆಣ್ಣು ಎಲ್ಲಿ ನಿಂತಿದ್ದಳು, ಗಂಡು ಎಲ್ಲಿ ನಿಂತಿದ್ದನು ಎಂಬುದನ್ನು ವಿಚಾರಿಸಿರಿ ಎಂಬುದು ವಿಷಯ. ಮನೆಯ ಹಳೆಯ ಕಾಗದಪತ್ರಗಳನ್ನು ಹುಡುಗಿ ಕೇಳಿದಾಗ ತಾಯಿ ಬಿಸ್ಕತ್ತಿನ ಡಬ್ಬಿಯೊಂದನ್ನು ಮುಂದಿಟ್ಟಳು. ಅವಧಿ ಮೀರಿದ ಪಾಸ್‌ಪೋರ್ಟುಗಳು, ವೀಸಾ ಕಾಗದಗಳು, ಎಂ.ಎಸ್ಸಿ. ಪದವಿ ಪತ್ರ, ಅವುಗಳ ಅಡಿಯಲ್ಲಿ ನಮ್ಮ ಪತ್ರ.

ಇಲ್ಲಿ ಒಂದು ಮಾತು. ಆ ಪ್ರಬಂಧದ ಕೇಂದ್ರದಲ್ಲಿದ್ದ 'ಜೆಂಡರ್' ಎಂಬ ಪದಕ್ಕೆ ಇಂದಿನ ವಿದ್ವಾಂಸರು 'ಲಿಂಗತ್ವ' ಎಂದು ಬರೆಯುವರು. ಈ ಮಾಸಿಕದ ಓದುಗರಿಗೆ ಲಿಂಗವೆಂದೊಡನೆ ಮನಸ್ಸಿಗೆ ಬರುವುದೇ ಬೇರೆ. ಆದುದರಿಂದ ನಾವು ಹೆಣ್ಣು-ಗಂಡೆಂಬ ಭೇದ ಎಂದೇ ಬರೆಯುತ್ತೇವೆ, ವಿದ್ವಾಂಸರು ಮನ್ನಿಸಬೇಕು.

ತಾಯಿಯ ಕಥೆ ನಮಗೆ ತಿಳಿದುದೇ. ಸಸ್ಯಶಾಸ್ತ್ರದಲ್ಲಿ ಉನ್ನತ ಶ್ರೇಣಿ ಪಡೆದು ಕಾಲೇಜೊಂದರಲ್ಲಿ ಮೂರು ವರ್ಷ ಪಾಠ ಹೇಳಿದ್ದ ಆಕೆ, ಕಂಪ್ಯೂಟರ್ ಇಂಜಿನಿಯರನನ್ನು ವರಿಸಿ 2003ರಲ್ಲಿ ಸಾಗರವನ್ನು ದಾಟಿದಳು. ಪತಿಗೆ ದೊರೆತದ್ದು 'ಎಚ್-1ಬಿ' ಎಂಬ ವೀಸಾ. ಅಮೆರಿಕದ 1990ರ ವಲಸೆ ಕಾಯಿದೆಯಿಂದ ರೂಪುಗೊಂಡ, ವಿಶೇಷ ವಿದ್ಯೆಯುಳ್ಳ ನೌಕರರಿಗೆ ಮೀಸಲಾದ ಪರವಾನಗಿ ಅದು. ಪತ್ನಿಗೆ ದೊರೆತದ್ದು 'ಎಚ್-4'. ಅದರ ಅರ್ಥ ಅವಲಂಬಿತೆ. ಆ ಕಾಗದವುಳ್ಳವರು ಓದಬಹುದು, ಸಂಬಳವಿಲ್ಲದೆ ಸೇವೆ ಸಲ್ಲಿಸಬಹುದು. ದುಡಿದು ಒಂದು ಡಾಲರನ್ನೂ ಪಡೆಯುವಂತಿರಲಿಲ್ಲ. ಆ ದೇಶದಲ್ಲಿ ಎಲ್ಲ ವ್ಯವಹಾರಕ್ಕೂ ಬೇಕಾದ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯೂ ಅವರಿಗೆ ಸಿಗುತ್ತಿರಲಿಲ್ಲ. ದಾಂಪತ್ಯ ಮುರಿದರೆ ಅಲ್ಲಿರುವ ಹಕ್ಕೂ ಅದರೊಡನೆಯೇ ಮುರಿಯುವುದು. ಹೋದ ಆರು ತಿಂಗಳಿಗೆ ಆಕೆ ನಮಗೆ ಬರೆದಿದ್ದಳು: ಹಗಲು ಕಳೆಯುವುದಿಲ್ಲ, ಕಲಿತದ್ದೆಲ್ಲ ಮರೆಯುತ್ತಿದೆ, ತಾನು ಯಾರೆಂಬುದೇ ತಿಳಿಯದಾಗಿದೆ ಎಂದು.

ನಾವು ಏನು ಉತ್ತರಿಸಿದ್ದೆವೆಂಬುದನ್ನು ಮರೆತೇಬಿಟ್ಟಿದ್ದೆವು. ಈಗ ಅದು ಎದುರಿಗಿತ್ತು. ಮನಸ್ಸಿನ ಚಾಂಚಲ್ಯವನ್ನು ನಿಗ್ರಹಿಸಬೇಕು. ಪತಿಯ ಏಳಿಗೆಯಲ್ಲಿ ತನ್ನ ಏಳಿಗೆಯನ್ನು ಕಾಣಬೇಕು. ಗೃಹಿಣಿಯ ಕಾಯಕವೂ ಕಾಯಕವೇ, ಅದಕ್ಕಿಂತ ಮಿಗಿಲಾದುದಿಲ್ಲ. ಅಕ್ಷರಗಳು ಸುಂದರವಾಗಿಯೇ ಇದ್ದವು.

ಹುಡುಗಿ ಪತ್ರದ ಬಗೆಗೆ ಆಗಲೇ ಏನನ್ನೂ ಹೇಳಲಿಲ್ಲ. ತನ್ನ ಪಾಠದ ಮಾತನ್ನು ಎತ್ತಿದಳು. ಸಿ. ರೈಟ್ ಮಿಲ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1959ರಲ್ಲಿ 'ದಿ ಸೋಷಿಯಾಲಜಿಕಲ್ ಇಮ್ಯಾಜಿನೇಷನ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಒಬ್ಬನ ಸ್ವಂತದ ಸಂಕಟ ಬೇರೆ, ಸಮಾಜದ ಸಮಸ್ಯೆ ಬೇರೆ ಎಂದು ನಾವು ತಿಳಿಯುವೆವಲ್ಲ, ಆ ಎರಡರ ನಡುವಣ ನಂಟನ್ನು ಕಾಣುವುದೇ ಈ ಶಾಸ್ತ್ರದ ಪ್ರಯೋಜನವೆಂಬುದು ಅವರ ವಾದ. ಒಂದು ಲಕ್ಷ ಜನರ ನಗರದಲ್ಲಿ ಒಬ್ಬನಿಗೆ ಮಾತ್ರ ಕೆಲಸವಿಲ್ಲದಿದ್ದರೆ ಅವನ ಸ್ವಭಾವವನ್ನೋ ಸಾಮರ್ಥ್ಯವನ್ನೋ ವಿಚಾರಿಸಬಹುದು. ಐದು ಕೋಟಿ ದುಡಿಯುವವರ ದೇಶದಲ್ಲಿ ಒಂದೂವರೆ ಕೋಟಿ ಜನ ಬರಿಗೈಯಾದರೆ ವಿಚಾರಿಸಬೇಕಾದುದು ವ್ಯವಸ್ಥೆಯನ್ನೇ. "ಅಮ್ಮ ಬಹಳ ಮೌನಿ, ಮನೆಬಿಟ್ಟು ಹೊರಗೆ ಬರುವ ಸ್ವಭಾವವಿಲ್ಲ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೆ. ನಮ್ಮ ಬೀದಿಯಲ್ಲಿ ತೆಲುಗರ, ತಮಿಳರ, ಗುಜರಾತಿಗಳ ಮನೆಗಳಲ್ಲಿಯೂ ಹಾಗೆಯೇ ಕುಳಿತಿದ್ದ ತಾಯಂದಿರು ಇದ್ದರು. ಅಷ್ಟು ಜನರ ಸ್ವಭಾವ ಒಂದೇ ಆಗಿರಲು ಹೇಗೆ ಸಾಧ್ಯ?" ಎಂದಳು. ತಾನು ಹುಟ್ಟಿದ ಕ್ಷಣದಿಂದಲೇ ಆ ದೇಶದ ಪ್ರಜೆ, ಹೆತ್ತ ತಾಯಿ ಹತ್ತು ವರ್ಷ ಕಳೆದರೂ ಅವಲಂಬಿತೆ ಎಂಬುದು ಆಕೆಗೆ ಈ ಪ್ರಬಂಧಕ್ಕಾಗಿ ಕಾಗದಗಳನ್ನು ಓದುವವರೆಗೆ ತಿಳಿದೇ ಇರಲಿಲ್ಲ.

ಯಾರು ಮೊದಲು ಹೋಗುವರು, ಯಾರು ಹಿಂದೆ ಹೋಗುವರು ಎಂಬುದನ್ನು ಮನೆಯ ಹಿರಿಯರು ನಿರ್ಧರಿಸುವರೆಂದು ನಾವು ತಿಳಿದಿದ್ದೆವು. ಕಾಯಿದೆಯೂ ಅದನ್ನು ನಿರ್ಧರಿಸುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂಜಾಬಿನ ರೈತರು ಕ್ಯಾಲಿಫೋರ್ನಿಯಾಕ್ಕೆ ಹೋದರು. 1917ರ ಕಾಯಿದೆ ಭಾರತದಿಂದ ಹೊಸಬರು ಬರುವುದನ್ನು ತಡೆಯಿತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಾರತೀಯರಿಗೆ ಪೌರತ್ವವಿಲ್ಲವೆಂದಿತು. ಊರಿನಲ್ಲಿದ್ದ ಪತ್ನಿಯರನ್ನು ಕರೆಸಿಕೊಳ್ಳಲಾಗದ, ಹೊಸದಾಗಿ ವಧುವನ್ನು ತರಲೂ ಆಗದ ಆ ಸಿಖ್ ಗಂಡಸರಲ್ಲಿ ನೂರಾರು ಜನ ಮೆಕ್ಸಿಕೋ ಮೂಲದ ಕನ್ಯೆಯರನ್ನು ವಿವಾಹವಾದರು. ಕ್ಯಾರನ್ ಲೆನರ್ಡ್ ಎಂಬ ವಿದುಷಿ 1992ರಲ್ಲಿ ಆ ಕುಟುಂಬಗಳ ಮೇಲೆ ಒಂದು ಗ್ರಂಥವನ್ನೇ ರಚಿಸಿದ್ದಾರೆ. 1946ರಲ್ಲಿ ಬಾಗಿಲು ತುಸು ತೆರೆಯಿತು, ವರ್ಷಕ್ಕೆ 100 ಜನ ಭಾರತೀಯರಿಗೆ! 1965ರ ಕಾಯಿದೆಯಿಂದ ಅದು ನಿಜವಾಗಿ ತೆರೆಯಿತು.

ಆ ತೆರೆದ ಬಾಗಿಲಿನಿಂದ ಮೊದಲು ಒಳಹೊಕ್ಕವರಲ್ಲಿ ಕೇರಳದ ದಾದಿಯರು ಇದ್ದರು. ಇವರ ವೃತ್ತಾಂತ ನಮಗೆ ಹೊಸದು. ಹುಡುಗಿ ಹೇಳಿದಷ್ಟೂ ಕೇಳಬೇಕೆನಿಸಿತು. ಶೀಬಾ ಮರಿಯಂ ಜಾರ್ಜ್ ಎಂಬ ಸಮಾಜಶಾಸ್ತ್ರಜ್ಞೆ 2005ರಲ್ಲಿ ಪ್ರಕಟಿಸಿದ 'ವೆನ್ ವಿಮೆನ್ ಕಮ್ ಫಸ್ಟ್' ಎಂಬ ಗ್ರಂಥದಲ್ಲಿ ಅದು ಇದೆಯಂತೆ. ಪರಪುರುಷರ ಮೈ ಮುಟ್ಟುವ ವೃತ್ತಿಯೆಂದು ಊರಿನಲ್ಲಿ ಹೀನವಾಗಿ ಕಾಣಲ್ಪಟ್ಟಿದ್ದ ದಾದಿಯರ ಕೆಲಸಕ್ಕೆ ಅಮೆರಿಕದ ಆಸ್ಪತ್ರೆಗಳಲ್ಲಿ ಬೇಡಿಕೆಯಿತ್ತು. ಹೆಣ್ಣುಮಕ್ಕಳು ಮೊದಲು ಹೋದರು. ಪತಿ, ಮಕ್ಕಳು ಆಮೇಲೆ ಹೋದರು. ಪತಿಯರಿಗೆ ದುಡಿಯಲು ತಡೆಯಿರಲಿಲ್ಲ, ಆದರೆ ಊರಿನಲ್ಲಿದ್ದ ಅಂತಸ್ತಿಗೆ ತಕ್ಕ ಕೆಲಸ ಸಿಗಲಿಲ್ಲ. ಸಂಬಳದಲ್ಲಿ ಮಡದಿ ಮುಂದೆ. ಆಕೆಗೆ ರಾತ್ರಿಪಾಳಿ ಬಂದಾಗ ಮಗುವಿಗೆ ಉಣಿಸಿ ಮಲಗಿಸಬೇಕಾದವನು ತಂದೆಯೇ. ಕೆಲವು ಮನೆಗಳಲ್ಲಿ ಗಂಡಸರು ಅದನ್ನು ಒಪ್ಪಿ ಅಡುಗೆಯನ್ನೂ ಕಲಿತರು. ಕೆಲವು ಮನೆಗಳಲ್ಲಿ ಹೊರಗೆ ದುಡಿದು ಬಂದವಳೇ ಒಳಗೂ ದುಡಿದಳು. ಊರಿಗೆ ಹೋದರೆ 'ನರ್ಸಿನ ಗಂಡ' ಎಂಬ ಮೂದಲಿಕೆ ಕಾದಿರುತ್ತಿತ್ತು. ಮನೆಯಲ್ಲೂ ನೌಕರಿಯಲ್ಲೂ ಕಳೆದುಕೊಂಡ ಹಿರಿತನವನ್ನು ಆ ಗಂಡಸರು ಎಲ್ಲಿ ಮರಳಿ ಪಡೆದರು ಬಲ್ಲಿರಾ? ಚರ್ಚಿನಲ್ಲಿ. ಸಮಿತಿ, ಪದಾಧಿಕಾರ, ವೇದಿಕೆ, ಭಾಷಣ ಎಲ್ಲವೂ ಅವರ ಪಾಲಾದವು. ಚರ್ಚಿಗೆ ಕಾಣಿಕೆ ಬರುತ್ತಿದ್ದುದು ಬಹುಮಟ್ಟಿಗೆ ದಾದಿಯರ ದುಡಿಮೆಯಿಂದ. ಮಾತನಾಡುವ ಸರದಿ ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಇಷ್ಟು ಹೇಳಿ ಹುಡುಗಿ ಸುಮ್ಮನಾದಳು. ಆಮೇಲೆ, ತಾನು ಚಿಕ್ಕಂದಿನಿಂದ ಹೋಗುತ್ತಿರುವ ನಮ್ಮವರ ಬಸವ ಜಯಂತಿಯ ಸಮಾರಂಭಗಳಲ್ಲಿ ಸ್ತ್ರೀ ಸಮಾನತೆಯ ಮೇಲೆ ಭಾಷಣ ಮಾಡುವವರು ಗಂಡಸರು, ಆ ಹೊತ್ತಿನಲ್ಲಿ ಪ್ರಸಾದದ ಪಾತ್ರೆಗಳನ್ನು ಬಿಸಿ ಮಾಡುತ್ತಿರುವವರು ಹೆಂಗಸರು ಎಂದಳು. ಅಜ್ಜಿ ನಕ್ಕರು. ನಾವೂ ನಗಲು ಯತ್ನಿಸಿದೆವು. ಇಲ್ಲಿಯ ನಮ್ಮ ಸಮಾರಂಭಗಳನ್ನು ಆಕೆ ಇನ್ನೂ ನೋಡಿರಲಿಲ್ಲ.

2015ರ ಮೇ 26ರಿಂದ ಆ ದೇಶದಲ್ಲಿ ಒಂದು ನಿಯಮ ಜಾರಿಗೆ ಬಂದಿತು. ಪತಿಯ ಕಾಯಂ ವಾಸದ ಅರ್ಜಿ ಇಂತಿಷ್ಟು ಹಂತವನ್ನು ದಾಟಿದ್ದರೆ ಎಚ್-4 ಪತ್ನಿಗೂ ದುಡಿಯಲು ಪರವಾನಗಿ ಕೇಳುವ ಅವಕಾಶ. ಹೀಗೆ ಪರವಾನಗಿ ಪಡೆದವರಲ್ಲಿ ಬಹುಪಾಲು ಭಾರತದ ಸ್ತ್ರೀಯರೇ. ನಿಯಮದ ಭಾಷೆಯಲ್ಲಿ ಗಂಡ, ಹೆಂಡತಿ ಎಂಬ ಮಾತಿಲ್ಲ, ಸಂಗಾತಿ ಎಂದಷ್ಟೇ ಇದೆ. ಕಾಗದದಲ್ಲಿ ಸಮಾನತೆ ಅಲ್ಲಿಯೂ ಪೂರ್ಣವಾಗಿಯೇ ಇದೆ. ಅರ್ಹತೆ ಮಾತ್ರ ಆಕೆಯ ಪದವಿಯಿಂದ ಬರುವುದಲ್ಲ, ಸಂಗಾತಿಯ ಅರ್ಜಿಯಿಂದ ಬರುವುದು. ಹನ್ನೆರಡು ವರ್ಷ ಸುಮ್ಮನಿದ್ದ ಸಸ್ಯಶಾಸ್ತ್ರದ ಅಧ್ಯಾಪಿಕೆಗೆ ಅಧ್ಯಾಪನ ಮರಳಿ ಸಿಗಲಿಲ್ಲ. ಔಷಧದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದ ದಿನ ತಾಯಿ ತನಗೊಂದು ಬಣ್ಣದ ಪೆನ್ಸಿಲ್ ಪೆಟ್ಟಿಗೆ ತಂದುದನ್ನು ಹುಡುಗಿ ನೆನೆದಳು. ಅಂದು ಸಂಜೆಯೂ ರೊಟ್ಟಿ ಬಡಿದವಳು ತಾಯಿಯೇ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1989ರಲ್ಲಿ ಇದನ್ನು 'ಎರಡನೆಯ ಪಾಳಿ' ಎಂದು ಕರೆದರಂತೆ. ನೌಕರಿಯಲ್ಲಿರುವ ಅಮೆರಿಕದ ಗೃಹಿಣಿಯರು, ಹೊರಗಿನ ಕೆಲಸ, ಮನೆಗೆಲಸಗಳನ್ನು ಕೂಡಿ ನೋಡಿದರೆ, ಗಂಡಸರಿಗಿಂತ ವರ್ಷಕ್ಕೆ ಇಡೀ ಒಂದು ತಿಂಗಳು, ಅದೂ ದಿನಕ್ಕೆ 24 ಗಂಟೆಯ ಲೆಕ್ಕದಲ್ಲಿ, ಹೆಚ್ಚು ದುಡಿಯುತ್ತಿದ್ದರೆಂಬುದು ಹಿಂದಿನ ದಶಕಗಳ ಅಧ್ಯಯನಗಳಿಂದ ಅವರು ಕಂಡ ಲೆಕ್ಕ.

ಆ ತಂದೆಯನ್ನು ಖಳನೆಂದು ಓದುಗರು ತಿಳಿಯಬಾರದು. ಮಗಳೂ ಹಾಗೆ ತಿಳಿದಿಲ್ಲ. ನೌಕರಿ ಹೋದರೆ ಮೂವರೂ ಗಂಟು ಕಟ್ಟಬೇಕೆಂಬ ಭಯದಲ್ಲಿ ಆತ ಒಂದು ದಿನವೂ ಒಡೆಯನಿಗೆ ಎದುರಾಡದೆ ದುಡಿದವನು. ನೌಕರಿಯ ಮೇಲಿನ ಕಾಯಂ ವಾಸದ ಪರವಾನಗಿಗಳಲ್ಲಿ ಯಾವ ಒಂದು ದೇಶಕ್ಕೂ ನೂರಕ್ಕೆ ಏಳರಷ್ಟು ಮಿತಿಯಿರುವುದರಿಂದ ಭಾರತೀಯರ ಸರದಿಸಾಲು ದಶಕಗಳವರೆಗೆ ಬೆಳೆದಿದೆ. ಆತ ತನ್ನ ಭಯವನ್ನು ಮನೆಯಲ್ಲಿ ಹೇಳಲಿಲ್ಲ, ಆಕೆ ತನ್ನ ಬೇಸರವನ್ನು ಹೇಳಲಿಲ್ಲ. ನಮಗೆ ಬರೆದಳು.

ಕೊನೆಗೆ ಹುಡುಗಿ ಪತ್ರದ ವಿಷಯಕ್ಕೆ ಬಂದಳು. ಆಕೆಯ ಕನ್ನಡ ತಡೆತಡೆದು ಬರುವುದು. ಪ್ರಶ್ನೆ ಮಾತ್ರ ಎಲ್ಲಿಯೂ ತಡೆಯಲಿಲ್ಲ. "ಮನೆಗೆಲಸವೂ ಕಾಯಕವೇ ಎಂದು ಬರೆದಿದ್ದೀರಿ. ಹಾಗಾದರೆ ಅಪ್ಪನಿಗೂ ಅದನ್ನು ಏಕೆ ಬರೆಯಲಿಲ್ಲ?"

ಮಠದಲ್ಲಿ ಕಲಿತ ಹನ್ನೆರಡು ವರ್ಷ ನಾವು ತರ್ಕವನ್ನೂ ಓದಿದ್ದೇವೆ. ಇದಕ್ಕೆ ಸಮಾಧಾನ ಹೇಳಬಹುದಾದ ನಾಲ್ಕು ದಾರಿಗಳು ಹೊಳೆಯದೆಯೂ ಇರಲಿಲ್ಲ. ಯಾವುದನ್ನೂ ಹೇಳಲಿಲ್ಲ. ಕಾಯಕವೆಂಬ ಮಾತನ್ನು ನಾವು ಆ ದಿನ ಬಳಸಿದ್ದು, ಕೆಲಸ ಕೇಳಿದವಳ ಬಾಯಿ ಮುಚ್ಚಿಸಲು. ಆಕೆಯ ಸಂಕಟಕ್ಕೆ ಕಾರಣ ಒಂದು ಸರಕಾರದ ಮುದ್ರೆಯೆಂಬುದನ್ನು ವಿಚಾರಿಸುವ ಗೋಜಿಗೂ ಹೋಗದೆ, ಅದನ್ನು ಮನಸ್ಸಿನ ಚಾಂಚಲ್ಯವೆಂದೆವು. ಅಲ್ಲಿಯೇ ಓದು ಮುಂದುವರಿಸಲು ಕಾಯಿದೆಯಲ್ಲಿ ಅವಕಾಶವಿತ್ತು. ಆ ಒಂದು ಮಾತನ್ನಾದರೂ ಬರೆಯಬಹುದಾಗಿತ್ತು. ಬರೆದ ಪತ್ರವನ್ನು ಆಕೆ ಎರಡು ದಶಕ ಜೋಪಾನವಾಗಿ ಇರಿಸಿಕೊಂಡಿದ್ದಳೆಂಬುದು ನಮ್ಮನ್ನು ಹೆಚ್ಚು ಕಾಡಿತು. ಗೌರವದಿಂದ ಇರಿಸಿದಳೋ, ಬೇರೆ ಭಾವದಿಂದಲೋ ಎಂದು ಹುಡುಗಿಯನ್ನು ಕೇಳಿದೆವು. "ಅಮ್ಮನನ್ನೇ ಕೇಳಿ" ಎಂದಳು.

ಅಂದೇ ಸಂಜೆ, ಅಲ್ಲಿ ಬೆಳಗಾಗಿರುವ ಹೊತ್ತು, ಅಜ್ಜಿಯ ಫೋನಿನಿಂದ ಮಾತನಾಡಿದೆವು. ನಾವು ಹೇಳಬೇಕಾದುದನ್ನು ಹೇಳಿದೆವು. ಆಕೆ ಬಹಳ ಹೊತ್ತು ಉತ್ತರಿಸಲಿಲ್ಲ. ಹಿಂದೆ ಒಗ್ಗರಣೆಯ ಸದ್ದು ಕೇಳುತ್ತಿತ್ತು. ಆಮೇಲೆ, "ಬುದ್ಧಿ, ಆಗ ನನಗೆ ಪತ್ರ ಬರೆದವರು ನೀವೊಬ್ಬರೇ" ಎಂದಳು. ಅಷ್ಟರಲ್ಲಿ ಅಂಗಡಿಗೆ ಹೊರಡುವ ವೇಳೆಯಾಯಿತೆಂದು ಫೋನನ್ನು ಪತಿಯ ಕೈಗೆ ಕೊಟ್ಟಳು.

ಪ್ರಬಂಧದಲ್ಲಿ ಪತ್ರವನ್ನು ಸೇರಿಸಲು ಹುಡುಗಿ ಅನುಮತಿ ಕೇಳಿದಳು. ಒಂದು ಸಾಲನ್ನೂ ಬಿಡದೆ ಸೇರಿಸಬೇಕೆಂಬ ನಿಬಂಧನೆಯೊಡನೆ ಕೊಟ್ಟಿದ್ದೇವೆ.