ಗರ್ಭಕೋಶದ ಆಪರೇಷನ್ ನಂತರ ಮೂತ್ರ ಸೋರಿದರೆ ಅದು ‘ಸಹಜ’ವೇ?

‘ಗರ್ಭಕೋಶ ತೆಗೆಸಿದರೆ ಮೂತ್ರಕೋಶವೂ ಕೆಡುತ್ತದೆ’ ಎಂಬ ಮಾತು ಫಾರ್ವರ್ಡ್‌ಗಳಲ್ಲಿ ಓಡಾಡುತ್ತಿರುತ್ತದೆ. ‘ಆಪರೇಷನ್ ಆದ ಮೇಲೆ ಮೂತ್ರ ಸೋರುವುದು ಸಹಜ, ತಾನಾಗಿಯೇ ನಿಲ್ಲುತ್ತದೆ’ ಎಂಬುದು ಮನೆಯೊಳಗಿನ ಮಾತು. ಮೊದಲನೆಯದು ಉತ್ಪ್ರೇಕ್ಷೆ. ಎರಡನೆಯದು ಅದಕ್ಕಿಂತ ಅಪಾಯಕಾರಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಇಂಥ ಆಪರೇಷನ್‌ಗಳಲ್ಲಿ ಮೂತ್ರಾಂಗಗಳಿಗೆ ಗಾಯವಾಗುವುದು ಅಪರೂಪ, ನೂರರಲ್ಲಿ ಒಂದರ ಆಸುಪಾಸು. ಆದರೂ ಏಕೆ ಆಗುತ್ತದೆ?

ಕಾರಣ, ಜಾಗ ಇಕ್ಕಟ್ಟು. ಮೂತ್ರಕೋಶ ಗರ್ಭಕೋಶಕ್ಕೆ ಮುಂದಿನಿಂದ ಅಂಟಿಕೊಂಡಂತೆಯೇ ಇರುತ್ತದೆ. ಕಿಡ್ನಿಯಿಂದ ಮೂತ್ರ ತರುವ ಮೂತ್ರನಾಳವಂತೂ ಬರೀ 3–4 ಮಿಲಿಮೀಟರ್ ದಪ್ಪದ ಕೊಳವೆ. ಗರ್ಭಕೋಶದ ಕೊರಳಿನಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿ ಅದು ಗರ್ಭಕೋಶದ ರಕ್ತನಾಳದ ಕೆಳಗೆ, ಸೇತುವೆಯಡಿ ಹರಿಯುವ ನೀರಿನಂತೆ ಹಾದುಹೋಗುತ್ತದೆ. ಗರ್ಭಕೋಶ ತೆಗೆಯಲು ವೈದ್ಯರು ಕಟ್ಟಿ ಕತ್ತರಿಸಲೇಬೇಕಾದದ್ದು ಆ ರಕ್ತನಾಳವನ್ನೇ.

ಹಿಂದೆ ಸಿಸೇರಿಯನ್ ಆಗಿದ್ದರೆ ಮೂತ್ರಕೋಶ ಹಳೆಯ ಗಾಯದ ಕಲೆಗೆ ಅಂಟಿಕೊಂಡಿರಬಹುದು. ಬಿಡಿಸುವಾಗ ಹರಿಯುವ ಸಾಧ್ಯತೆ ಹೆಚ್ಚು. ಎಂಡೊಮೆಟ್ರಿಯೋಸಿಸ್, ಹಳೆಯ ಸೋಂಕು, ಹಿಂದಿನ ಹೊಟ್ಟೆಯ ಆಪರೇಷನ್‌ಗಳು ಅಂಗಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತವೆ. ದೊಡ್ಡ ಫೈಬ್ರಾಯ್ಡ್ ಗಡ್ಡೆ ಮೂತ್ರನಾಳವನ್ನು ಅದರ ಜಾಗದಿಂದಲೇ ಸರಿಸಿರಬಹುದು. ಕ್ಯಾನ್ಸರ್ ಆಪರೇಷನ್, ರೇಡಿಯೇಷನ್ ಚಿಕಿತ್ಸೆ ಅಪಾಯವನ್ನು ಹೆಚ್ಚಿಸುತ್ತವೆ. ಹೆರಿಗೆ ವೇಳೆ ರಕ್ತ ನಿಲ್ಲದೆ ತುರ್ತಾಗಿ ಗರ್ಭಕೋಶ ತೆಗೆಯುವಾಗಲೂ ಅಷ್ಟೇ: ರಕ್ತದ ಮಡುವಿನಲ್ಲಿ ಯಾವುದು ಏನೆಂದು ಕಾಣುವುದೇ ಕಷ್ಟ.

ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಸಿಸೇರಿಯನ್ ಆದರೂ ವೈದ್ಯರಿಗೆ ತಪ್ಪದೆ ಹೇಳಿ. ‘ಅದು ಹಳೇದು, ಈಗ್ಯಾಕೆ’ ಎಂದು ಬಿಟ್ಟುಬಿಡುವವರು ನಮ್ಮಲ್ಲಿ ಬಹಳ. ಆದರೆ ಗಾಯವಾದವರಲ್ಲಿ ಎಷ್ಟೋ ಮಂದಿಗೆ ಇಂಥ ಯಾವ ಅಂಶವೂ ಇರುವುದಿಲ್ಲ. ‘ನನಗೆ ಏನೂ ಇರಲಿಲ್ಲ, ಹಾಗಾಗಿ ಇದು ಅದಲ್ಲ’ ಎಂದುಕೊಳ್ಳುವಂತಿಲ್ಲ.

ಮೂತ್ರಕೋಶ ಹರಿದರೆ ಹೆಚ್ಚಿನ ಸಲ ಆಪರೇಷನ್ ಟೇಬಲ್ ಮೇಲೆಯೇ ಗೊತ್ತಾಗುತ್ತದೆ. ಹೊಲಿಗೆ ಹಾಕಿ ಕೆಲವು ದಿನ ಕ್ಯಾಥೆಟರ್ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮೂತ್ರನಾಳದ ಗಾಯ ಹಾಗಲ್ಲ, ಹಲವು ಸಲ ಕಣ್ತಪ್ಪುತ್ತದೆ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದ ಶಾಖ ತಗುಲಿದ್ದರೆ ಆ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸುಟ್ಟ ಭಾಗ ಕಳಚಿ ಸೋರಿಕೆ ಶುರುವಾಗುವುದು ದಿನಗಳ ನಂತರ, ಅಂದರೆ ಮನೆಗೆ ಬಂದ ಮೇಲೆ.

ಕ್ಯಾಥೆಟರ್ ತೆಗೆದ ಮೇಲೆ ಕೆಮ್ಮಿದಾಗ ನಾಲ್ಕು ಹನಿ ಹೋಗುವುದು ಬೇರೆ. ಹಗಲು ರಾತ್ರಿ ಎನ್ನದೆ, ಮಲಗಿದ್ದಾಗಲೂ, ಯೋನಿಯ ಮೂಲಕ ನೀರಿನಂತೆ ಹರಿಯುತ್ತಿದ್ದರೆ ಅದು ಬೇರೆ. ಎಷ್ಟೋ ಹೆಂಗಸರು ಪ್ಯಾಡ್ ಇಟ್ಟುಕೊಂಡು, ವಾಸನೆಗೆ ಹೆದರಿ ಮದುವೆ ಮುಂಜಿಗೂ ಹೋಗದೆ, ಗಂಡನಿಗೂ ಹೇಳದೆ ತಿಂಗಳುಗಟ್ಟಲೆ ಕಳೆಯುತ್ತಾರೆ. ಇದು ಬಿಳಿಸೆರಗೋ ಮೂತ್ರವೋ ಎಂದು ತಿಳಿಯುವ ಪರೀಕ್ಷೆ ಕಷ್ಟದ್ದಲ್ಲ. ಮೂತ್ರಕೋಶಕ್ಕೆ ನೀಲಿ ಬಣ್ಣದ ದ್ರವ ತುಂಬಿಸಿ, ಯೋನಿಯಲ್ಲಿಟ್ಟ ಹತ್ತಿ ನೀಲಿಯಾಗುತ್ತದೆಯೇ ಎಂದು ನೋಡುತ್ತಾರೆ. ನೀಲಿಯಾಗದೆ ಬರೀ ಒದ್ದೆಯಾದರೆ ಮೂತ್ರನಾಳದ ಮೇಲೆ ಅನುಮಾನ, ಆಗ ಸ್ಕ್ಯಾನ್ ಮಾಡಿಸುತ್ತಾರೆ.

ಸೋರಿಕೆಯೇ ಇಲ್ಲದೆ ಸೊಂಟದ ಮೇಲ್ಭಾಗದಲ್ಲಿ ಒಂದು ಬದಿ ನೋವು, ಜ್ವರ, ವಾಂತಿ, ಹೊಟ್ಟೆಯುಬ್ಬರ ಕಂಡರೂ ತಡಮಾಡಬೇಡಿ. ಹೊಲಿಗೆಯಲ್ಲಿ ಮೂತ್ರನಾಳ ಸಿಕ್ಕಿಕೊಂಡಿದ್ದರೆ ಹಿಂದೆ ಕಟ್ಟಿನಿಂತ ಮೂತ್ರ ಕಿಡ್ನಿಯನ್ನು ಕೆಡಿಸುತ್ತದೆ, ಕೆಲವೊಮ್ಮೆ ಸದ್ದಿಲ್ಲದೆ. ಬೇಗ ಗೊತ್ತಾದರೆ ಹಲವರಿಗೆ ಸ್ಟೆಂಟ್ ಕೊಳವೆಯೊಂದೇ ಸಾಕಾಗಬಹುದು. ಇಲ್ಲವಾದರೆ ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಸದಾಗಿ ಜೋಡಿಸುವ ಆಪರೇಷನ್ ಇದೆ. ಮೊದಲು ಆಪರೇಷನ್ ಮಾಡಿದ ವೈದ್ಯರ ಬಳಿಗೇ ಡಿಸ್ಚಾರ್ಜ್ ಚೀಟಿ ಹಿಡಿದು ಹೋಗಿ. ಅಲ್ಲಿ ‘ಕಾಯೋಣ’ ಎಂದಷ್ಟೇ ಹೇಳಿದರೆ ಅದೇ ಚೀಟಿ ತೋರಿಸಿ ಯುರಾಲಜಿ ವಿಭಾಗವಿರುವ ಆಸ್ಪತ್ರೆಯಲ್ಲಿ ಕೇಳಿ.