ಟ್ಯಾಂಕ್ ದೊಡ್ಡದಾದರೆ ಷವರ್ ಜೋರಾಗದು

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಸಕ್ಕರೆ ಕಾರ್ಖಾನೆಯ ಊರು. ಇಂಥ ಊರುಗಳಲ್ಲೂ ಹಂಡೆ, ಒಲೆಯ ಬಚ್ಚಲುಮನೆಯ ಜಾಗಕ್ಕೆ ಟೈಲ್ಸ್ ಹಾಕಿದ ಬಾತ್‌ರೂಮು, ಅದರ ಗೋಡೆಗೊಂದು ಷವರ್ ಬರತೊಡಗಿ ವರ್ಷಗಳಾದವು. ಆದರೆ ತಾರಸಿಯ ಮೇಲಿನ ಟ್ಯಾಂಕ್ ತುಂಬಿದ್ದರೂ ಷವರ್‌ನಲ್ಲಿ ನೀರು ಎಳೆ ಎಳೆಯಾಗಿ ಸುರಿಯುವುದುಂಟು. ‘ದೊಡ್ಡ ಟ್ಯಾಂಕ್ ಇಡಿಸಿ’ ಎಂಬ ಸಲಹೆಯೂ ಸಿಗುತ್ತದೆ. ಅದನ್ನು ಕೇಳಿದರೆ ದುಡ್ಡು ದಂಡ.

ನೀರಿನ ಒತ್ತಡವನ್ನು ನಿರ್ಧರಿಸುವುದು ಅದರ ಎತ್ತರ; ಪ್ರಮಾಣವಲ್ಲ. ಹೇಮಾವತಿ ಹೋಗಿ ಸೇರುವ ಕನ್ನಂಬಾಡಿಯನ್ನೇ ನೋಡಿ. ಕಟ್ಟೆಯ ಗೋಡೆ ಮೇಲೆ ಕಿರಿದು, ತಳದಲ್ಲಿ ಅಗಲ. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದೇ ಇದಕ್ಕೆ ಕಾರಣ. ಹಿನ್ನೀರು ಎಷ್ಟು ಮೈಲಿ ಹರಡಿದೆ ಎಂಬುದು ಈ ಲೆಕ್ಕಕ್ಕೆ ಬಾರದು. 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಹಾಕುತ್ತದೆ.

ಈಗ ಮನೆಗೆ ಬರೋಣ. ತಾರಸಿ 10 ಅಡಿ ಎತ್ತರದಲ್ಲಿದೆ. ಟ್ಯಾಂಕ್ ಅದರ ಮೇಲೇ ಕೂತಿದೆ. ಷವರ್ ಇರುವುದು 7 ಅಡಿಯಲ್ಲಿ. ಟ್ಯಾಂಕಿನ ತಳಕ್ಕೂ ಷವರ್‌ಗೂ ಅಂತರ ಬರೀ 3 ಅಡಿ. ಕೆಳಗಿನ ಬಕೆಟ್ ನಲ್ಲಿಗಾದರೋ 8 ಅಡಿ. ನಲ್ಲಿ ಜೋರು, ಷವರ್ ನಿಧಾನ ಏಕೆಂಬುದು ಇದರಲ್ಲೇ ಇದೆ. ಇನ್ನೊಂದು ಮಾತು: ನೀರಿನ ವೇಗ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಮಡಿಯಾಗಬೇಕು. ಇಟಲಿಯ ಟಾರಿಚೆಲ್ಲಿ 17ನೆಯ ಶತಮಾನದಲ್ಲೇ ಕಂಡುಕೊಂಡ ನಿಯಮ ಇದು.

ಖರ್ಚಿಗೆ ಮುಂಚೆ ಒಂದು ಪರೀಕ್ಷೆ ಮಾಡಿ. ಷವರ್‌ನ ತಲೆಯನ್ನು ಬಿಚ್ಚಿ ನೀರು ಬಿಡಿ. ಬರಿಯ ಪೈಪಿನಲ್ಲಿ ನೀರು ಚೆನ್ನಾಗಿ ಬಂದರೆ ದೋಷ ತಲೆಯದು. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ತೂತುಗಳಲ್ಲಿ ಕಟ್ಟಿಕೊಂಡಿರುತ್ತದೆ. ವಿನಿಗರ್ ಅಥವಾ ನಿಂಬೆರಸದಲ್ಲಿ ಕೆಲವು ಗಂಟೆ ನೆನೆಸಿ, ಹಳೆಯ ಬ್ರಷ್‌ನಿಂದ ಉಜ್ಜಿದರೆ ಬಿಡುತ್ತದೆ. ಕಕ್ಕಸು ತೊಳೆಯುವ ಆಸಿಡ್ ಬೇಡ. ಹೊಳಪಿನ ಲೇಪ ಹಾಳಾಗುತ್ತದೆ. ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಗೀಸರಿನ ಕಡೆಯ ದಾರಿಯಲ್ಲಿ ಸುಣ್ಣ ಕಟ್ಟಿದೆಯೇ ನೋಡಿಸಿ.

ಬರಿಯ ಪೈಪಿನಲ್ಲೂ ನೀರು ಸಣ್ಣಗಿದ್ದರೆ? ಟ್ಯಾಂಕಿನ ಬಳಿಯ ವಾಲ್ವ್ ಪೂರ್ತಿ ತೆರೆದಿದೆಯೇ, ಪೈಪಿನಲ್ಲಿ ಕೆಸರು ಇಲ್ಲವೇ ಗಾಳಿ ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸಿ. ಟ್ಯಾಂಕಿನಿಂದ ಇಳಿಯುವ ಪೈಪ್ ಅರ್ಧ ಇಂಚಿನದಾದರೆ ಮುಕ್ಕಾಲು ಇಂಚಿನದು ಹಾಕಿಸಿ. ನೀರು ಹರಿಯುವ ಜಾಗ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ತಿರುವುಗಳು ಕಡಿಮೆಯಾದಷ್ಟೂ ಒಳ್ಳೆಯದು.

ಇಷ್ಟಕ್ಕೂ ಸರಿಹೋಗದಿದ್ದರೆ ಟ್ಯಾಂಕನ್ನು ಎತ್ತರಿಸುವುದೇ ದಾರಿ. ಆದರೆ ಸಾವಿರ ಲೀಟರ್ ನೀರೆಂದರೆ ಒಂದು ಟನ್ ತೂಕ. ನಾಲ್ಕು ಇಟ್ಟಿಗೆ ಪೇರಿಸಿ ತಾರಸಿಯ ನಡುವೆ ಇಡುವಂಥದ್ದಲ್ಲ. ಕಂಬ, ತೊಲೆಗಳ ಮೇಲೆ ಭಾರ ಬೀಳುವಂತೆ, ತಿಳಿದವರನ್ನು ಕೇಳಿಯೇ ಕಟ್ಟೆ ಕಟ್ಟಿಸಬೇಕು.

ಪ್ರೆಷರ್ ಪಂಪ್ ಕೊನೆಯ ಉಪಾಯ. ಕರೆಂಟ್ ಹೋದರೆ ಅದು ನಿಂತಿತು. ಹಾಕಿಸುವುದಾದರೂ ಟ್ಯಾಂಕಿನ ನಂತರದ ಪೈಪಿಗೇ ಹಾಕಿಸಿ. ಪಂಚಾಯಿತಿಯ ನಲ್ಲಿಗೆ ನೇರವಾಗಿ ಮೋಟಾರ್ ಕೂಡಿಸಿದರೆ ಪಕ್ಕದ ಮನೆಯ ನಲ್ಲಿ ಒಣಗುತ್ತದೆ. ಅಷ್ಟೇ ಅಲ್ಲ, ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಇಳಿದಾಗ, ಬಿರುಕು ಬಿಟ್ಟ ಕಡೆ ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳಬಹುದು. ಒಬ್ಬರ ಸ್ನಾನದ ಸುಖಕ್ಕೆ ಬೀದಿಯವರೆಲ್ಲ ಕುಡಿಯುವ ನೀರು ಕೆಡಬಾರದಷ್ಟೆ.